ಕಪಾಟಿನ ತುಂಬ ‘ಇತರೆ’

ಯಲ್ಲಾಪುರದ ನಮ್ಮ ಮನೆಯಲ್ಲಿ ಕಸಬರಿಗೆ ಅಡುಗೆಮನೆಯ ಬಾಗಿಲ ಹಿಂದೆ, ನೆಲ ಒರೆಸುವ ಬಟ್ಟೆ ಬಚ್ಚಲಿನ ಮೊಳೆಯಲ್ಲಿ, ಬಕೆಟ್ಟು ನಲ್ಲಿಯ ಕೆಳಗೆ ಇರುತ್ತಿದ್ದವು. ಯಾರೂ ಯೋಚಿಸಿ ಇಟ್ಟದ್ದಲ್ಲ. ಕೈ ಚಾಚಿದರೆ ಸಿಗುತ್ತಿದ್ದವು, ಅಷ್ಟೇ.

ನನ್ನ ಗಂಡನಿಗೆ ನೌಕರಿಯಿಂದ ನಿವೃತ್ತಿಯಾಗುವವರೆಗೂ ಇವು ಮನೆಯಲ್ಲಿವೆ ಎಂಬುದೇ ಗಮನಕ್ಕೆ ಬಂದಿರಲಿಲ್ಲ. ಆಮೇಲೆ ಮೊಬೈಲಿನಲ್ಲಿ ಮನೆ ಜೋಡಿಸುವ ವಿಡಿಯೋ ನೋಡತೊಡಗಿದರು. ಅದರಲ್ಲೊಬ್ಬಳು, ಒಂದು ಕಣ ಧೂಳಿಲ್ಲದ ಮನೆಯಲ್ಲಿ ನಿಂತುಕೊಂಡು, ಧೂಳು ಹೊಡೆಯುವುದು ಹೇಗೆಂದು ಕಲಿಸುತ್ತಿದ್ದಳು.

ಒಂದು ಬೆಳಿಗ್ಗೆ ಕಸಬರಿಗೆಯನ್ನು ಎತ್ತಿ ಹಿಡಿದು, “ಇದು ಇಲ್ಲಿ ಎಂತಕ್ಕೆ ಇದ್ದು?” ಎಂದರು.

“ಕಸ ಗುಡಿಸಲೆ.”

“ಹಂಗಲ್ಲ. ಎಲ್ಲದಕ್ಕೂ ಒಂದು ಜಾಗ ಹೇಳಿ ಇರವು. ಇನ್ನು ಇದೆಲ್ಲ ಆನು ನೋಡ್ಕತ್ತೆ.”

ಶಿರಸಿ ಪೇಟೆಗೆ ಹೋಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳನ್ನು ಹೊತ್ತು ತಂದರು. ಡಬ್ಬಿ ಇಡಲು ಕಪಾಟು ಬೇಕಾಯಿತು. ಕಪಾಟು ಇಡಲು ಉಗ್ರಾಣ ಖಾಲಿಯಾಗಬೇಕಾಯಿತು. ಅಲ್ಲಿದ್ದ ಚಾಪೆ, ಹಂಡೆ, ಉಪ್ಪಿನಕಾಯಿ ಭರಣಿಗಳು ನಾವು ಮಲಗುವ ಕೋಣೆಗೆ ಬಂದವು. “ತಾತ್ಕಾಲಿಕ” ಎಂದರು. ಕಚೇರಿಯಲ್ಲಿ ಕೂದಲು ಹಣ್ಣಾದವರ ಬಾಯಲ್ಲಿ ಆ ಪದಕ್ಕೆ ಏನರ್ಥವೆಂದು ನನಗೆ ಗೊತ್ತಿತ್ತು.

ಮೊದಲ ಡಬ್ಬಿಗೆ ‘ಧೂಳು ಸಾಮಗ್ರಿ’ ಎಂದು ಚೀಟಿ ಅಂಟಿಸಿದರು. ಮುಂದಿನದಕ್ಕೆ ‘ನೀರು ಸಾಮಗ್ರಿ’. ಹಳೆಯ ಟೂತ್‌ಬ್ರಶ್ಶು, ಪೈಪಿನ ತುಂಡು, ಹಗ್ಗದ ಸುರುಳಿ ಎರಡಕ್ಕೂ ಸೇರದೆ ಹಟ ಹಿಡಿದಾಗ ‘ಇತರೆ’ ಹುಟ್ಟಿತು. ಅದು ಎಷ್ಟು ಅನುಕೂಲದ ಪದವೆಂದರೆ, ಉಳಿದ ಡಬ್ಬಿಗಳಿಗೆ ಬೇರೆ ಹೆಸರೇ ಹೊಳೆಯಲಿಲ್ಲ.

ಹೀಗಿರುವಾಗ ಸಿದ್ದಾಪುರದಿಂದ ನನ್ನ ಅಣ್ಣ, ಅತ್ತಿಗೆ ಊಟಕ್ಕೆ ಬಂದರು. ಬಡಿಸುವಾಗ ತಂಬುಳಿಯ ಪಾತ್ರೆ ನನ್ನ ಕೈ ಜಾರಿತು. ತಂಬುಳಿ ಅಣ್ಣನ ಎಲೆಯತ್ತ ಹೊರಟಿತು.

“ಒರೆಸೋ ಬಟ್ಟೆ ಎಲ್ಲಿದ್ದು?” ಎಂದು ಕೂಗಿದೆ.

ಗಂಡ ಉಗ್ರಾಣಕ್ಕೆ ಓಡಿದರು. ಮುಚ್ಚಳ ತೆಗೆಯುವ ಸದ್ದು ಕೇಳಿಸಿತು. “ಇದರಲ್ಲಿ ಇಲ್ಲೆ... ಇದರಲ್ಲೂ ಇಲ್ಲೆ...” ಅಷ್ಟರಲ್ಲಿ ಅಣ್ಣ ಅನ್ನದ ಸಮೇತ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದ. ಕೊನೆಗೆ ಗಂಡ ಜೇಡರ ಬಲೆ ತೆಗೆಯುವ ಉದ್ದನೆಯ ಕೋಲು ಹಿಡಿದು ಬಂದರು.

“ಸದ್ಯಕ್ಕೆ ಇದು ಸಿಕ್ತು.”

ಅವರ ಹೆಗಲಿನ ಹೊಸ ಶಲ್ಯವನ್ನು ಎಳೆದು ತಂಬುಳಿಯ ಮೇಲೆ ಹಾಸಿದೆ. ಸರ್ಕಾರದ ಆಸ್ತಿ ಹಾಳುಗೆಡವಿದವಳನ್ನು ನೋಡುವಂತೆ ನನ್ನನ್ನು ನೋಡಿದರು.

ಊಟವಾದ ಮೇಲೆ ಅಣ್ಣ ಅವರಿಗೆ ನಾಲ್ಕು ಬುದ್ಧಿಮಾತು ಹೇಳಿಯಾನು ಎಂದು ಕಾದೆ. ಅವನು ಕಪಾಟಿನ ಮುಂದೆ ಕೈಕಟ್ಟಿ ನಿಂತು, ದೇವರ ದರ್ಶನ ಮಾಡಿದವನಂತೆ ತಲೆದೂಗಿದ.

“ಭಾವ, ಈ ಡಬ್ಬಿ ಯಾವ ಅಂಗಡೀದು?”

ಗಂಡನ ಮುಖ ಅರಳಿತು. ಅತ್ತಿಗೆ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದರು. “ಇವರನ್ನ ಕರ್ಕಂಡು ಬಪ್ಪಲಾಗಿತ್ತಿಲ್ಲೆ ಮಾರಾಯ್ತಿ,” ಎಂದು ಹಣೆ ಚಚ್ಚಿಕೊಂಡರು. ನನಗೆ ಸಿಟ್ಟೆಲ್ಲ ಕರಗಿ ನಗು ಬಂತು. ಅವರಿಗೂ ಬಂತು. ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕೆವು.

ಅಣ್ಣ ಹೊರಡುವಾಗ ಗಂಡ ಉಳಿದಿದ್ದ ಖಾಲಿ ಡಬ್ಬಿಗಳನ್ನು ಕಾರಿನಲ್ಲಿ ತುಂಬಿಕೊಟ್ಟರು, ಚೀಟಿಯನ್ನೂ ಅಂಟಿಸಿಯೇ.

ಕೆಲವು ದಿನ ಬಿಟ್ಟು ಅತ್ತಿಗೆ ಫೋನ್ ಮಾಡಿದರು. “ಬೆಳಿಗ್ಗಿಂದ ಚಾ ಸೋಸೋ ಜಾಲರಿ ಹುಡುಕ್ತಾ ಇದ್ದೆ. ನಿನ್ನ ಗಂಡನ್ನ ಕೇಳು, ಅದು ಯಾವ ಇತರೆಲಿ ಇರ್ತು?”