ಬ್ಯಾಂಡ್ ಮಾಸ್ತರು ಮತ್ತು ನಮ್ಮ ಮೂರು ಸಾಲು

ನಾವು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ದಾರಿ ಅಂದರೆ ಒಂದು ಪಾದದ ಅಗಲ. ಗದ್ದೆ ಅಂಚಿನ ಮೇಲೆ ಒಂದಷ್ಟು, ಬ್ಯಾಣದ ಹುಲ್ಲಿನ ನಡುವೆ ಒಂದಷ್ಟು, ಹಳ್ಳ ಬಂದಲ್ಲಿ ಮರದ ದಿಮ್ಮಿ ಹಾಕಿದ ಸಂಕ. ಮಕ್ಕಳೆಲ್ಲ ಒಬ್ಬರ ಹಿಂದೆ ಒಬ್ಬರು, ಕಣ್ಣು ನೆಲದ ಮೇಲೆ. ರಕ್ತ ಹೀರುವ ಉಂಬಳ ಹತ್ತುತ್ತದೆ, ಕಾಲು ಜಾರುತ್ತದೆ, ಹಾವಿದ್ದರೂ ಇತ್ತು. ಪಕ್ಕಪಕ್ಕದಲ್ಲಿ ನಡೆಯುವುದು ಅಂದರೆ ಎಂತ ಅಂತಲೇ ನಮಗೆ ಗೊತ್ತಿರಲಿಲ್ಲ. ಇದನ್ನ ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನಮ್ಮ ಬ್ಯಾಂಡ್ ಮಾಸ್ತರು ಪಟ್ಟ ಕಷ್ಟ ನಿಮಗೆ ತಿಳಿಯುವುದಿಲ್ಲ.

ಆ ಮಾಸ್ತರು ಈಗ ಯಾಕೆ ನೆನಪಾದರು ಅಂದರೆ, ನನ್ನ ಮೊಮ್ಮಗಳು ಸಹನಾ ಯಲ್ಲಾಪುರದ ಒಂದು ಶಾಲೆಗೆ ಬ್ಯಾಂಡ್ ಟೀಚರ್ ಆಗಿ ಸೇರಿದ್ದಾಳೆ! ಕುತ್ತಿಗೆಗೆ ಪೀಪಿ ಹಾಕಿಕೊಂಡು, ಬಿಳಿ ಬೂಟು ಹಾಕಿಕೊಂಡು, ಇಡೀ ಶಾಲೆಯನ್ನು ನಡೆಸುವವಳು ನನ್ನ ಮೊಮ್ಮಗಳು ಮಾರಾಯ್ರೆ. ಶಿರಸಿ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದ್ದೇನೆ, ಕಂಡಕ್ಟರಿಗೂ ಹೇಳಿದೆ. ಅವಳೋ, ಮೊನ್ನೆ ಫೋನ್ ಮಾಡಿ ಅಳುವುದೊಂದು ಬಾಕಿ. "ಅಜ್ಜೀ, ಒಬ್ಬರೂ ಮಾತು ಕೇಳ್ತಿಲ್ಲೆ. ಆಗಸ್ಟ್ ಹದಿನೈದು ಬಂದೇ ಬಿಡ್ತು. ನಂಗೆ ಊಟ ಸೇರ್ತಿಲ್ಲೆ."

ಊಟ ಸೇರುತ್ತಿಲ್ಲ ಅಂದಳಲ್ಲ, ಆಗ ಫೋನಿನಲ್ಲೇ ಹಳೆಯ ಕತೆ ತೆಗೆದೆ.

ನಾನಾಗ ಏಳನೇ ಕ್ಲಾಸು. ನನ್ನ ಓದು ಅಲ್ಲಿಗೇ ಮುಗಿಯುವುದಿತ್ತು, ಅದು ಮನೆಯಲ್ಲಿ ಮಾತಾಗಿತ್ತು. ಸಿದ್ದಾಪುರ ಪೇಟೆಯಿಂದ ಒಳಗೆ ಹಳ್ಳಿಯಲ್ಲಿದ್ದ ನಮ್ಮ ಶಾಲೆಗೆ ಸೊಸೈಟಿಯವರು ಒಂದು ದೊಡ್ಡ ಡ್ರಮ್ಮು, ಕೆಲವು ಸಣ್ಣ ಡ್ರಮ್ಮು, ತಾಳ, ಕೊಳಲು ಕೊಡಿಸಿದ್ದರು. ಹಿಂದಿನ ವರ್ಷ ಆಗಸ್ಟ್ ಹದಿನೈದಕ್ಕೆ ಸಿದ್ದಾಪುರದ ಮೈದಾನದಲ್ಲಿ ನಮ್ಮ ಮಕ್ಕಳು ಮೂರು ಸಾಲಿನಲ್ಲಿ ಹೊರಟು, ಅರ್ಧ ದಾರಿಯಲ್ಲಿ ಗೊಬ್ಬರದ ಗುಂಡಿಗೆ ಹೋಗುವ ಕೋಳಿಗಳ ಹಾಗೆ ಚೆಲ್ಲಾಪಿಲ್ಲಿ ಆಗಿದ್ದರು. ಹೆಡ್ ಮಾಸ್ತರಿಗೆ ಅದು ಮುಖ ಎತ್ತಲಾಗದ ಅವಮಾನ. ಈ ಸಲ ಬ್ಯಾಂಡಿಗೆ ಹೊಸ ಮಾಸ್ತರು ಬಂದರು. ಹಾವೇರಿ ಕಡೆಯವರು, ಮೊದಲ ನೌಕರಿ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಅವರು ಬಂದ ವಾರವೇ ಹೆಡ್ ಮಾಸ್ತರು ನಮ್ಮೆಲ್ಲರ ಎದುರಿಗೇ ಹೇಳಿದರು: "ಈ ವರ್ಷವೂ ಸಾಲು ಒಡೆದರೆ ಡ್ರಮ್ಮು ಕೋಣೆಗೆ, ನೀವು ನಿಮ್ಮ ಊರಿಗೆ."

ಮಾಸ್ತರು ನಕ್ಕರು. ಆದರೆ ಊದಲಿಕ್ಕೆ ಪೀಪಿಯನ್ನು ತಲೆಕೆಳಗಾಗಿ ಬಾಯಿಗಿಟ್ಟರು. ನಾನು ನೋಡಿದೆ. ನೋಡಿದ ಮೇಲೆ ನನಗೂ ಸುಖವಿಲ್ಲ.

"ಬರ್ರಿ, ಬರ್ರಿ, ಮೂರು ಸಾಲು ಮಾಡ್ರಿ!" ಅಂತ ದಿನಾ ಕೂಗುವರು. ನಿಂತಾಗ ಮೂರು ಸಾಲು ಚಂದ. ಹೆಜ್ಜೆ ಎತ್ತಿದೆವೋ, ಎದುರಿಗೆ ಒಂದು ಕೆಸರು ಹೊಂಡ ಬಂತು ಅಂದರೆ ಎಡಗಡೆಯವಳು ನಡುವಿನವಳ ಹಿಂದೆ ಸೇರುವಳು, ಬಲಗಡೆಯವನು ಅವಳ ಹಿಂದೆ. ಬೇಕು ಅಂತ ಮಾಡುತ್ತಿರಲಿಲ್ಲ, ಕಾಲು ತಾನೇ ಹೋಗುತ್ತಿತ್ತು. ಬಾವುಟದ ಕಂಬ ದಾಟುವಷ್ಟರಲ್ಲಿ ಎರಡು ಸಾಲು, ನೀರಿನ ತೊಟ್ಟಿಯ ಹತ್ತಿರ ಒಂದೇ ಸಾಲು. ತಲೆ ಎಲ್ಲರದೂ ಕೆಳಗೆ.

"ನೆಲಾ ಯಾಕ್ ನೋಡ್ತೀರ್ಯೋ? ರೊಕ್ಕ ಬಿದ್ದಾವೇನು?" ಮಾಸ್ತರು ತಲೆ ಮೇಲೆ ಕೈ ಹೊತ್ತು ಕೂರುವರು.

ಸಣ್ಣ ಡ್ರಮ್ಮಿನ ಮಾಬ್ಲ ಮೆತ್ತಗೆ ಅನ್ನುವನು, "ಸಿಕ್ಕಿದ್ರೆ ನಿಮಗೂ ಅರ್ಧ ಕೊಡ್ತೇವೆ ಸಾರ್."

ನನ್ನ ಪಾಡು ಎಲ್ಲರಿಗಿಂತ ಕೆಟ್ಟದ್ದು. ಎತ್ತರದ ಹುಡುಗಿ ಅಂತ ದೊಡ್ಡ ಡ್ರಮ್ಮನ್ನು ನನ್ನ ಹೊಟ್ಟೆಗೆ ಕಟ್ಟಿದ್ದರು. ಕಟ್ಟಿದ ಮೇಲೆ ನನ್ನ ಕಾಲೇ ನನಗೆ ಕಾಣದು! ಎಡಗಾಲು ಊರಿದಾಗ ಢಂ ಅನ್ನಬೇಕು, ನಾನು ತಪ್ಪಿದರೆ ಹಿಂದಿನವರೆಲ್ಲ ತಪ್ಪುತ್ತಾರೆ. ರಾತ್ರಿ ಕನಸಿನಲ್ಲೂ ಡ್ರಮ್ಮು ಹೊತ್ತು ಸಂಕ ದಾಟುವುದೇ. ಮಳೆಗೆ ಡ್ರಮ್ಮಿನ ತೊಗಲು ಸಡಿಲಾಗಿ ಬೊದ್ ಬೊದ್ ಅನ್ನುತ್ತಿತ್ತು. ಶಾಲೆಯ ಉಪ್ಪಿಟ್ಟಿನ ಒಲೆಯ ಪಕ್ಕ ಇಟ್ಟು ಕಾಯಿಸುತ್ತಿದ್ದೆವು. ಗೋಧಿ ಉಪ್ಪಿಟ್ಟಿನ ವಾಸನೆ, ಬಿಸಿ ತೊಗಲಿನ ವಾಸನೆ, ಒದ್ದೆ ಅಂಗಿಯ ವಾಸನೆ ಮೂರೂ ಸೇರಿ ನನಗೆ ಹೆದರಿಕೆಯ ವಾಸನೆಯೇ ಆಗಿಹೋಯಿತು. ಕಿಸೆಯಲ್ಲಿದ್ದ ಹಲಸಿನ ಹಪ್ಪಳ ತಿನ್ನದೆ ಕಿಸೆಯಲ್ಲೇ ಮೆತ್ತಗಾಗುತ್ತಿತ್ತು.

ಇಷ್ಟರಲ್ಲಿ ಅವ್ವ ಬೇರೆ ಅಡ್ಡ ನಿಂತಳು. "ಹೆಣ್ಣು ಹುಡುಗಿ ಹೊಟ್ಟೆಗೆ ಡ್ರಮ್ಮು ಕಟ್ಕಂಡು ಪ್ಯಾಟೆ ಸುತ್ತೂದು ಬ್ಯಾಡ" ಅಂದಳು. ವಿಷಯ ತಿಳಿದು ಮಾಸ್ತರು ಒಂದು ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮ ಜೊತೆಗೇ ಹೊರಟರು, ಅವ್ವನ ಹತ್ತಿರ ಮಾತಾಡಲಿಕ್ಕೆ. ನಾವು ಸರಸರ ಮುಂದೆ, ಅವರು ಬೂಟು ಕೈಯಲ್ಲಿ ಹಿಡಿದು ಹಿಂದೆ. ಸಂಕದ ಮೇಲೆ ನಿಂತು ದಾಟಲಿಕ್ಕೆ ಆಗದೆ ಕುದುರೆ ಏರಿದ ಹಾಗೆ ಕೂತು, ಜರುಗಿಕೊಂಡು ಬಂದರು. ಗದ್ದೆ ಅಂಚಿನ ಮೇಲೆ ಕಾಲು ಜಾರಿ ಸಸಿ ನಟ್ಟಿ ಮಾಡಿದ ಗದ್ದೆಯೊಳಗೆ ಸೊಂಟದವರೆಗೆ ಬಿದ್ದರು.

ಗೆಳತಿ ಗುಲಾಬಿಗೆ ನಗು ತಡೆಯಲಾಗಲಿಲ್ಲ. "ನೆಲ ನೋಡ್ಬೇಕು ಸಾರ್!"

ಮಾಸ್ತರು ಕೆಸರಿನಲ್ಲಿ ಕೂತೇ ನಮ್ಮ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. "ದಿನಾ ಹಿಂಗ ಬರ್ತೀರೇನ್ರೇ?" ಅಂದರು.

ಕೆಸರು ಮೆತ್ತಿದ ಮಾಸ್ತರನ್ನು ಕಂಡು ಅವ್ವ ಬೈಯುವುದನ್ನು ಮರೆತಳು. ಬಚ್ಚಲಿಗೆ ಬಿಸಿನೀರು ತೋಡಿಕೊಟ್ಟಳು, ಅಪ್ಪನ ಪಂಚೆ ಕೊಟ್ಟಳು, ಬೆಲ್ಲದ ಕಾಫಿ ಕೊಟ್ಟಳು. ಪಂಚೆ ಉಟ್ಟು ಕೂತವರಿಗೆ ಇಲ್ಲ ಅನ್ನುವುದು ಹೇಗೆ? "ಮಳೇಲಿ ನೆನೆಸ್ಬ್ಯಾಡಿ ಮತ್ತೆ" ಅಂದು ಒಪ್ಪಿದಳು.

ಮಾರನೇ ದಿನ ಮಾಸ್ತರು ಅಂಗಳದಲ್ಲಿ ಸುಣ್ಣದಿಂದ ಮೂರು ಗೆರೆ ಎಳೆದರು. "ಇವು ಮೂರು ಗದ್ದಿ ಅಂಚು. ನಿಮ್ಮ ನಿಮ್ಮ ಅಂಚು ಬಿಡಬ್ಯಾಡ್ರಿ." ಅಬ್ಬಾ, ಎಷ್ಟು ಚಂದ ನಡೆದೆವು! ಮಾಸ್ತರ ಮುಖ ಮೊದಲ ಸಲ ಅರಳಿತು. ಆದರೆ ಮಳೆ ಬಂದು ಗೆರೆ ತೊಳೆದ ದಿನ ಮತ್ತೆ ಅದೇ ಕತೆ. ಸಿದ್ದಾಪುರದ ಮೈದಾನದಲ್ಲಿ ನಮಗೆ ಯಾರು ಗೆರೆ ಎಳೆದು ಇಟ್ಟಿರುತ್ತಾರೆ? ಎಲ್ಲರಿಗೂ ಅದೇ ಚಿಂತೆ.

ಆಗಸ್ಟ್ ಹದಿನೈದು ಬಂತು. ಹಿಂದಿನ ರಾತ್ರಿ ಹೊಯ್ದ ಮಳೆಗೆ ಮೈದಾನದ ತುಂಬ ಹೊಂಡ. ಪೇಟೆ ಶಾಲೆಯವರು ಬೂಟು ಹೊಳೆಸಿಕೊಂಡು ಗೆರೆ ಕೊರೆದ ಹಾಗೆ ಹೋದರು. ಮುಂದಿನ ಸರದಿ ನಮ್ಮದು. ಹೆಡ್ ಮಾಸ್ತರು ದೊಡ್ಡವರ ಸಾಲಿನಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದರು. ಮಾಸ್ತರು ಒಂದು ಸಲ ಹೊಂಡಗಳನ್ನು ನೋಡಿದರು, ಒಂದು ಸಲ ನಮ್ಮ ಮುಖ ನೋಡಿದರು. ಹತ್ತಿರ ಬಂದು ಸಣ್ಣಗೆ ಹೇಳಿದರು: "ಮೂರು ಬ್ಯಾಡ. ಒಂದ ಸಾಲು. ಶಾಲಿಗೆ ಬರ್ತೀರಲ್ಲ, ಹಂಗ."

"ನನಗೆ ನೆಲ ಕಾಣೂದಿಲ್ಲ ಸಾರ್" ಅಂದೆ.

"ನಾ ಮುಂದ ಇರ್ತೀನಿ. ನನ್ನ ಹೆಜ್ಜಿ ಕೇಳು."

"ನೀವು ಬೀಳ್ತ್ರಿ ಸಾರ್" ಅಂದ ಮಾಬ್ಲ.

"ಬಿದ್ರ ದಾಟಿ ಹೋಗ್ರಿ" ಅಂದರು ಮಾಸ್ತರು. ಪೀಪಿ ಊದಿದರು.

ಹೊರಟೆವು. ಜನ ಗೊಳ್ಳೆಂದು ನಕ್ಕರು. ಅಷ್ಟಗಲ ಮೈದಾನದಲ್ಲಿ ಇರುವೆ ಸಾಲಿನ ಹಾಗೆ ಒಂದು ಬ್ಯಾಂಡು! ನಗುವಿನಲ್ಲಿ ಮಾಸ್ತರ ಹೆಜ್ಜೆ ನನಗೆ ಕೇಳದಾಯಿತು. ಢಂ ಬೀಳಬೇಕಾದಲ್ಲಿ ಬೀಳಲಿಲ್ಲ. ಹಿಂದೆ ಗುಲಾಬಿಯ ತಾಳ ತಡವರಿಸಿತು. ಮುಗಿಯಿತು, ಮಾಸ್ತರನ್ನು ಊರಿಗೆ ಕಳಿಸಿದ ಹಾಗೇ ಅಂದುಕೊಂಡೆ. ಅಷ್ಟರಲ್ಲಿ ಮಾಸ್ತರ ಎಡಗಾಲು ಒಂದು ಹೊಂಡದೊಳಗೆ ಇಳಿಯಿತು. ಅವರು ವಾಲಿದರು, ಬೀಳಲಿಲ್ಲ, ಹಾಗೇ ನಡೆದರು. ಬೂಟಿನೊಳಗೆ ನೀರು ತುಂಬಿತ್ತು. ಎಡಗಾಲು ಊರಿದಾಗೆಲ್ಲ ಪಚಕ್ ಅನ್ನುತ್ತಿತ್ತು. ಪಚಕ್ ಅಂದಾಗ ನಾನು ಢಂ ಅಂದೆ. ಪಚಕ್, ಢಂ. ಮಾಬ್ಲ ಸೇರಿದ, ತಾಳ ಸೇರಿತು, ಕೊಳಲು ಸೇರಿತು. ನೆಲ ಕಾಣದಿದ್ದರೂ ನನ್ನ ಕಾಲು ಒಮ್ಮೆಯೂ ತಪ್ಪಲಿಲ್ಲ. ಸಾಲು ಎಷ್ಟು ಉದ್ದ ಅಂದರೆ ವಂದನೆ ತೆಗೆದುಕೊಳ್ಳುವ ಸಾಹೇಬರಿಗೆ ಕೈ ಇಳಿಸಲಿಕ್ಕೇ ಪುರಸೊತ್ತಿಲ್ಲ! ಕೊನೆಯ ಹುಡುಗ ದಾಟುವಾಗ ಜನ ನಗುತ್ತಿರಲಿಲ್ಲ, ಚಪ್ಪಾಳೆ ಹೊಡೆಯುತ್ತಿದ್ದರು.

ಹೆಡ್ ಮಾಸ್ತರು ಬಂದರು. ಮುಖ ಗಂಟು. "ಮೂರು ಸಾಲು ಎಲ್ಲಿ ಹೋಯಿತು?"

"ಒಂದರಾಗ ಮೂರೂ ಅದಾವ್ರಿ ಸರ್. ಒಡದಿಲ್ಲ" ಅಂದರು ಮಾಸ್ತರು.

ಹೆಡ್ ಮಾಸ್ತರು ನೀರು ಸೋರುವ ಬೂಟು ನೋಡಿದರು. ಕೊನೆಗೆ, "ಮೊದಲು ಆ ಬೂಟು ಬಿಚ್ಚಿ, ಶೀತ ಆಗ್ತದೆ" ಅಂದರು. ಮಾಸ್ತರ ನೌಕರಿ ಉಳಿಯಿತು ಅಂತ ನಮಗೆ ಆಗ ಗೊತ್ತಾಯಿತು. ನಾನು ಡ್ರಮ್ಮಿನ ಸಮೇತ ಹುಲ್ಲಿನ ಮೇಲೆ ಕೂತು, ಕಿಸೆಯ ಹಪ್ಪಳ ತೆಗೆದು ತಿಂದೆ.

ಇದನ್ನೆಲ್ಲ ಸಹನಾಳಿಗೆ ಫೋನಿನಲ್ಲಿ ಹೇಳಿದೆ. ನಕ್ಕಳು, ಪಾಪ, ಸ್ವಲ್ಪ ಹಗುರಾದಳು. ಆದರೆ ಅವಳಿಗೆ ಇದರಿಂದ ಉಪಯೋಗವಿಲ್ಲ. ಅವಳ ಮಕ್ಕಳು ವ್ಯಾನಿನಲ್ಲಿ ಬರುತ್ತಾರೆ, ಮೂರು ಸಾಲು ಸಲೀಸು, ಹೆಜ್ಜೆಯೇ ಕೂಡದು. "ಹೆಜ್ಜೆ ಕೇಳಿ ಅಂದ್ರೆ, ಯಾರ ಹೆಜ್ಜೆ ಮಿಸ್ ಅಂತಾರೆ ಅಜ್ಜಿ" ಅಂದಳು. ನಮ್ಮೂರಲ್ಲೂ ಸಂಕ ಇದ್ದಲ್ಲಿ ಸಿಮೆಂಟಿನ ಸೇತುವೆ ಬಂತು, ಒಳ್ಳೆಯದೇ ಆಯಿತು, ಮಳೆಗಾಲದಲ್ಲಿ ಜೀವಭಯವಿಲ್ಲ. ಗದ್ದೆ ಅಂಚಿನ ದಾರಿ ಹುಲ್ಲು ಬೆಳೆದು ಮುಚ್ಚಿತು. ಮುಂದೆ ಹೋಗುವವರು ಗುಲಾಬಿಯೋ ಮಾಬ್ಲನೋ ಅಂತ ತಲೆ ಎತ್ತದೆ, ಕಾಲಿನ ಸದ್ದಿನಲ್ಲೇ ಹೇಳುತ್ತಿದ್ದ ಕಿವಿ ನನಗಿತ್ತು. ಈಗ ಡಾಂಬರು ರಸ್ತೆಯಲ್ಲಿ ಒಬ್ಬಳೇ ಹೊರಟರೆ ಊರಿನ ಹುಡುಗರು ಬೈಕು ನಿಲ್ಲಿಸಿ "ಹತ್ತಿ ಅಜ್ಜಿ" ಅನ್ನುತ್ತಾರೆ. ಮೊಣಕಾಲು ನೋವು, ಹತ್ತಿ ಕೂರುತ್ತೇನೆ. ಯಾರ ಹೆಜ್ಜೆಯೂ ಕೇಳದೆ ಮನೆ ಬಂದುಬಿಡುತ್ತದೆ.