ಮಾಬೂಬಿಯವರು ಬರೆದ ನೆರಳು

ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರ ತಾಲೂಕುಗಳ ಫೋಟೊ ಸ್ಟುಡಿಯೊದವರು ತಮ್ಮಿಂದಾಗದ ಟಚಿಂಗ್, ಅಂದರೆ ಫೋಟೊ ತಿದ್ದುವ ಕೆಲಸವನ್ನು ಸವಣೂರಿಗೆ ಕಳಿಸುವ ರೂಢಿ ಬಹುಕಾಲ ಇತ್ತು. ಅಲ್ಲಿಯ ಸ್ಟುಡಿಯೊ ಒಂದರ ಹಿಂದಿನ ಕೋಣೆಯಲ್ಲಿ ಮಾಬೂಬಿಯವರು ಮುಖದ ಕಲೆ ಅಳಿಸಿದರು, ಮುಚ್ಚಿದ ಕಣ್ಣು ತೆರೆಸಿದರು, ಒಂದು ಫೋಟೊದ ಮನುಷ್ಯನನ್ನು ಕತ್ತರಿಸಿ ಇನ್ನೊಂದರಲ್ಲಿ ನಿಲ್ಲಿಸಿದರು. ಈ ವರ್ಷ, ೧೯೮೯ರಲ್ಲಿ, ಅವರು ನಿವೃತ್ತರಾಗುತ್ತಿದ್ದಾರೆ; ಈ ಅಭಿನಂದನ ಗ್ರಂಥ ಅದಕ್ಕಾಗಿ. ಅಂಟಿಸಿದ ಮನುಷ್ಯನನ್ನು ನೆಲಕ್ಕೆ ಊರಿಸುವುದು ನೆರಳು; ಅದನ್ನು ಅವರು ಚೆನ್ನಾಗಿ ಕಲಿತದ್ದು ೧೯೭೪ರಲ್ಲಿ, ತಮ್ಮದೇ ಒಂದು ತಪ್ಪಿನಿಂದ.

ಬಂಕಾಪುರದ ಸಾವಂತ್ರವ್ವನ ಕಿರಿಮಗ ಮಂಜಪ್ಪನ ಮದುವೆಗೆ ಹಿರಿಯಮಗ ಗುದ್ಲೆಪ್ಪ ಬರಲಿಲ್ಲ. ಹೊಲದ ಬದುವಿನ ಜಗಳ. ತಾಯಿ ಮದುವೆಯ ಗುಂಪು ಫೋಟೊವನ್ನೂ, ಹಿರಿಯಮಗ ಹಿಂದೊಮ್ಮೆ ಸ್ಟುಡಿಯೊದಲ್ಲಿ ನಿಂತು ತೆಗೆಸಿಕೊಂಡಿದ್ದ ಫೋಟೊವನ್ನೂ ತಂದು ಮಾಬೂಬಿಯವರ ಮುಂದಿಟ್ಟಳು.

"ಇಬ್ಬರನೂ ಕೂಡೇ ನೋಡೂದು ನನಗ ಇನ್ನ ಗ್ವಾಡಿ ಮ್ಯಾಲಷ್ಟ ಐತಿ, ಯವ್ವಾ."

ಮಾಬೂಬಿಯವರು ಗುದ್ಲೆಪ್ಪನನ್ನು ಬ್ಲೇಡಿನಿಂದ ಬಿಡಿಸಿ, ಸಾಲಿನ ಬಲತುದಿಯಲ್ಲಿ, ತಮ್ಮನ ಪಕ್ಕಕ್ಕೆ ಅಂಟಿಸಿದರು. ಕಾಲು ನೆಲ ಬಿಟ್ಟು ತೇಲಿದಂತೆ ಕಂಡಿತು. ಅವನ ಮುಖಕ್ಕೆ ಬೆಳಕು ಬಲಗಡೆಯಿಂದ ಬಿದ್ದಿತ್ತು. ಅದನ್ನೇ ನಂಬಿ ನೆರಳನ್ನು ಎಡಕ್ಕೆ, ಮಂಜಪ್ಪನ ಪಾದದ ಮೇಲೆ ಬರೆದರು. ಅಂಗಳದ ಬಿಸಿಲಿನಲ್ಲಿ ನಿಂತ ಉಳಿದವರ ನೆರಳೆಲ್ಲ ಬಲಕ್ಕಿದ್ದದ್ದು ಅವರ ಲಕ್ಷ್ಯಕ್ಕೆ ಬರಲಿಲ್ಲ. ಫೋಟೊ ಗೋಡೆಗೇರಿತು.

ಸುದ್ದಿ ಕೇಳಿದ ಗುದ್ಲೆಪ್ಪ ಅದನ್ನು ಗೋಡೆಯಿಂದ ಇಳಿಸಿಕೊಂಡು ಸವಣೂರಿಗೆ ಬಂದ. ತಾನು ಹೋಗದ ಮದುವೆಯಲ್ಲಿ ತನ್ನನ್ನು ನಿಲ್ಲಿಸಲು ಇವರಾರೆಂದು ಜಗಳ ತೆಗೆದ. ತನ್ನನ್ನು ತೆಗೆದುಹಾಕಲೇಬೇಕೆಂದ. ಮಾಬೂಬಿಯವರು ಜಗ್ಗಲಿಲ್ಲ.

"ತಗೀತೇನ್ರಿ. ನಿಮ್ಮವ್ವನ್ನ ಕರಕೊಂಡು ಬರ್ರಿ, ಆಕಿ ಮುಂದ ತಗೀತೇನಿ."

ಅವನು ಫೋಟೊ ತೊಡೆಯ ಮೇಲಿಟ್ಟುಕೊಂಡು ಒಬ್ಬೊಬ್ಬರ ಕಾಲ ಬಳಿ ಬೆರಳಾಡಿಸಿದ. ಆಮೇಲೆ ಅಂದ: "ಎಲ್ಲಾರ ನೆರಳು ಆ ಕಡೆ, ನಂದೊಂದ ಈ ಕಡೆ ಐತಲ್ರಿ ಅಕ್ಕಾರ. ಫೋಟೊದಾಗೂ ನಾ ಒಬ್ಬಾವ ಬ್ಯಾರೇನು? ಅದೂ ತಮ್ಮನ ಕಾಲ ತುಳಕೊಂಡು ನಿಂತೇನಿ."

ಮಾಬೂಬಿಯವರು ತಪ್ಪು ಒಪ್ಪಿಕೊಂಡರು. ಅವನ ಹಳೆಯ ಫೋಟೊದ ನೆಗೆಟಿವ್ ಮಗುಚಿ ಹಾಕಿ ಮತ್ತೆ ಮುದ್ರಿಸಿ, ಮುಖದ ಬೆಳಕನ್ನು ಎಡಗಡೆಗೆ ತಂದರು. ಅದರಿಂದ ಎದೆಯ ಇನ್ನೊಂದು ಬದಿಗೆ ಹೋದ ಅಂಗಿಯ ಕಿಸೆಯನ್ನು ಕುಂಚದಿಂದ ಅದರ ಜಾಗಕ್ಕೆ ಮರಳಿಸಿದರು. ಅವನ ನೆರಳು ಬಲಕ್ಕೆ ಸರಿಯಿತು. ಆದರೆ ಈಗ ತಮ್ಮನ ನೆರಳು ಅಣ್ಣನ ಧೋತರದ ಮೇಲೆ ಬೀಳಬೇಕಾಗಿತ್ತು. ನೋಡಲು ಬಂದ ಗುದ್ಲೆಪ್ಪನನ್ನು, ಬರೆಯಲೋ ಬಿಡಲೋ ಎಂದು ಕೇಳಿದರು.

"ಬೀಳ್ಲಿ ಬಿಡ್ರಿ," ಎಂದ ಅವನು. "ಸಣ್ಣಾವ ಅದಾನ."

ಬದುವಿನ ಜಗಳ ಮುಗಿಯಲಿಲ್ಲ. ಫೋಟೊ ಮಾತ್ರ ಸಾವಂತ್ರವ್ವನ ಗೋಡೆಗೆ ಮರಳಿತು, ಮತ್ತೆ ಇಳಿಯಲಿಲ್ಲ.

ಎಂಬತ್ತರ ದಶಕದಲ್ಲಿ ಬಣ್ಣದ ಫೋಟೊ ಬಂದು ಎಷ್ಟೋ ಸ್ಟುಡಿಯೊಗಳ ಕತ್ತಲೆಕೋಣೆಗಳು ಬಾಗಿಲು ಹಾಕಿದವು. ಮಾಬೂಬಿಯವರ ಮೇಜು ಉಳಿಯಿತು. ಇಂದಿಗೂ ಅವರು ಯಾರನ್ನೇ ಕತ್ತರಿಸುವ ಮೊದಲು, ಅವನ ಪಕ್ಕದಲ್ಲಿ ನಿಲ್ಲುವವರ ನೆರಳು ಯಾವ ಕಡೆಗಿದೆಯೆಂದು ನೋಡುತ್ತಾರೆ.

ಈ ಗ್ರಂಥ ಅಚ್ಚಿಗೆ ಹೋಗುವ ಹೊತ್ತಿಗೆ ಗುದ್ಲೆಪ್ಪ ಮತ್ತೆ ಸವಣೂರಿಗೆ ಬಂದಿದ್ದಾನೆ. ಅವನ ಮಗಳ ಮದುವೆಗೆ ಮಂಜಪ್ಪ ಬರಲಿಲ್ಲವಂತೆ. ಗುಂಪು ಫೋಟೊದಲ್ಲಿ ತಮ್ಮನನ್ನು ಸೇರಿಸಿಕೊಡಬೇಕಂತೆ. ಮಾಬೂಬಿಯವರ ಕಣ್ಣು ಚುರುಕಾಗಿರಲಿ, ಕೈ ನಡುಗದಿರಲಿ, ಆಯುಷ್ಯ ಉದ್ದವಾಗಲಿ. ಆ ಫೋಟೊ ಮುಗಿಯುವತನಕವಾದರೂ ನಿವೃತ್ತಿ ಹೊರಗೆ ಕಾಯಲಿ.