ಅತ್ತೆಯ ಬಲಗೈ ರೊಟ್ಟಿ

ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಸೀದ ವಾಸನೆ ಬರುತ್ತಿದೆ. ನೀವಾದರೆ ಓಡಿಹೋಗಿ ತಿರುವಿಹಾಕುತ್ತಿದ್ದಿರಿ. ನಾನು ಒಲೆಯ ಪಕ್ಕದಲ್ಲೇ ಕೈ ಹಿಂದೆ ಕಟ್ಟಿ ನಿಂತಿದ್ದೇನೆ. ಹೀಗೆ ನಿಲ್ಲುವುದನ್ನು ಕಲಿಯಲು ನನಗೆ ವರ್ಷ ಹಿಡಿಯಿತು.

ಕಾನ್ವೆಂಟಿನ ಸಿಸ್ಟರುಗಳು ನನಗೆ ಕರ್ಚೀಫಿನ ಅಂಚಿಗೆ ಹೂ ಹಾಕುವುದನ್ನು ಕಲಿಸಿದ್ದರು. ರೊಟ್ಟಿ ಕಲಿಸಲು ಹೆಣಗಿದ್ದು ಗಜೇಂದ್ರಗಡದ ಈ ಅತ್ತೆ. ಲಕ್ವಾ ಹೊಡೆದು ಅವರ ಬಲಗೈ ಮಡಿಲಲ್ಲಿ ಮಲಗಿಬಿಟ್ಟಾಗ ನಾನೇ ಉಣಿಸಿದೆ, ತಲೆ ಬಾಚಿದೆ. ಓಣಿಯೆಲ್ಲ ಹೊಗಳಿತು. ಸುಳ್ಳೇಕೆ, ಉಬ್ಬಿಹೋಗಿದ್ದೆ.

ಅತ್ತೆಯ ಕೈ ಚಿಕಿತ್ಸೆಗೆಂದು ರೋಣದ ಆಸ್ಪತ್ರೆಯಿಂದ ಆಕ್ಯುಪೇಷನಲ್ ಥೆರಪಿಯ ಹುಡುಗಿ ಬಂದಾಗ, ಸೂಜಿಯೋ ಯಂತ್ರವೋ ಇರಬಹುದೆಂದು ಅವಳ ಚೀಲವನ್ನೇ ನೋಡಿದೆ. ಒಂದು ಟವೆಲ್ ಇತ್ತು, ಅಷ್ಟೇ.

“ಅಮ್ಮಾರ, ನಿಮಗ ಮತ್ತ ಏನ್ ಮಾಡಬೇಕು ಅನಸ್ತೈತ್ರಿ?”

ನಾವ್ಯಾರೂ ಕೇಳದ ಪ್ರಶ್ನೆ ಅದು.

“ರೊಟ್ಟಿ ಬಡೀಬೇಕವಾ. ಈಕಿ ರೊಟ್ಟಿ ಚಪ್ಪಲಿ ಇದ್ದಂಗ ಇರ್ತಾವು.”

ಹುಡುಗಿ ಹಿಟ್ಟು ತರಿಸಿ, ಅತ್ತೆಯ ಬಲಗೈ ಮೇಲೆ ಎಡಗೈ ಇಡಿಸಿ, ನಾದಿಸಿದಳು. “ದಿನಾ ಮಾಡೋ ಕೆಲಸಾನ ಇವರಿಗೆ ಔಷಧ್ರಿ ಅಕ್ಕಾರ.”

ಎದುರುಮನೆಯ ನೀಲವ್ವಕ್ಕ ಬಾಗಿಲಿಗೇ ನಿಂತಿದ್ದರು. “ಸೊಸಿ ಗಟ್ಟಿಮುಟ್ಟ ಇದ್ದೂ ಲಕ್ವಾದ ಅತ್ತಿ ಕೈಲೆ ಹಿಟ್ಟು ನಾದಸ್ತಾಳಲ್ಲ, ಯವ್ವಾ!”

ಹುಡುಗಿ ಹೋದ ಕೂಡಲೇ ಹಿಟ್ಟು ಎತ್ತಿಟ್ಟೆ. ಮತ್ತೆ ನಾನೇ ಉಣಿಸಿದೆ. ಹದಿನೈದು ದಿನದ ಮೇಲೆ ಅವಳು ಬಂದು ಅತ್ತೆಯ ಬೆರಳು ಬಿಡಿಸಲು ಹೋದರೆ ಮೊದಲಿಗಿಂತ ಬಿಗಿ. ಬೈಯಲಿಲ್ಲ. “ಹಿಂಗ ಬಿಟ್ರ ಮುಂದ ಬಿಚ್ಚೂದು ಭಾಳ ಕಷ್ಟ್ರಿ,” ಎಂದಳಷ್ಟೆ. ನನಗೆ ಸಿಕ್ಕ ಹೊಗಳಿಕೆಯ ಬೆಲೆಯನ್ನು ಆ ಕೈ ತೆತ್ತಿತ್ತು.

ನಾಚಿ, ಓಣಿಗೆ ಕಾಣದಂತೆ ಬಾಗಿಲು ಮುಚ್ಚಿ ಹಿಟ್ಟು ತಂದೆ.

“ಬಾಗಲಾ ತಗಿ,” ಎಂದರು ಅತ್ತೆ. “ಕಳವು ಮಾಡಾಕತ್ತೇವೇನು? ನೋಡವರು ನೋಡ್ಲಿ.”

ಅಂದಿನಿಂದ ಬಾಗಿಲು ಮುಚ್ಚಿಲ್ಲ. ಲೋಟಗಳು ಬಿದ್ದವು, ಹಿಟ್ಟು ಚೆಲ್ಲಿತು, ಅತ್ತೆ ಅತ್ತದ್ದೂ ಉಂಟು. ಮರುದಿನ ಮತ್ತೆ ಹಿಟ್ಟು.

ಇವತ್ತು ಹಂಚಿನ ಮೇಲಿರುವುದು ಅವರೊಬ್ಬರೇ ಬಡಿದ ಮೊದಲ ರೊಟ್ಟಿ. ತಿರುವಿಹಾಕಲು ನನ್ನ ಕೈ ತಾನಾಗಿ ಮುಂದೆ ಬಂತು.

“ಮುಟ್ಟಿದ್ರ ನೋಡು!” ಅತ್ತೆ ಗದರಿದರು.

ಬಾಗಿಲಲ್ಲಿ ಅದೇ ನೀಲವ್ವಕ್ಕ. ಸವಡಿ ಊರಿನಲ್ಲಿರುವ ಅವರ ತಮ್ಮನಿಗೂ ಲಕ್ವಾ ಹೊಡೆದಿದೆಯಂತೆ. “ಆ ಹುಡುಗಿ ಯಾವ ಗುಳಿಗಿ ಕೊಟ್ಲವಾ?”

“ಗುಳಿಗಿ ಅಲ್ರಿ ಅಕ್ಕಾ. ನಿಮ್ಮ ತಮ್ಮಗ ಏನ್ ಮಾಡಬೇಕು ಅನಸ್ತೈತಿ, ಕೇಳೀರೇನು?”

ನೀಲವ್ವಕ್ಕ ಹೊಸ್ತಿಲು ದಾಟಿ ಒಳಗೆ ಬಂದು ಕೂತರು.

“ನಾಳೆ ಆ ಹುಡುಗೀನ್ನ ಕರಕೊಂಡು ನಾನೂ ಸವಡಿಗೆ ಬರ್ತೀನಿ,” ಎಂದೆ.

ಅತ್ತೆ ಸೀದ ರೊಟ್ಟಿಯನ್ನು ಹಂಚಿನಿಂದ ಇಳಿಸಿ ಮುರಿದರು. ನಡುಗುತ್ತ ತುಂಡೊಂದು ನೀಲವ್ವಕ್ಕನ ಕಡೆ ಹೊರಟಿತು. ಈ ಸಲ ನನ್ನ ಕೈಗಳು ಹಿಂದೆಯೇ ಉಳಿದವು.

“ತಗೋ ನೀಲಿ,” ಎಂದರು, “ಬಲಗೈಲೆ ಕೊಡಾಕತ್ತೀನಿ.”